ಬೋರ್ಡಿಲ್ಲದ ಅಂಗಡಿಗೆ ದುಡ್ಡು ಕಟ್ಟಬೇಡಿ

ಬಂಟ್ವಾಳ ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ಒಂದು ಬೋರ್ಡು ಉಂಟು, ಪುರಸಭೆಯ ಲೈಸನ್ಸು ಉಂಟು, ಎಡಬಲದಲ್ಲಿ ನೆರೆಯವರುಂಟು. ಕೊಟ್ಟ ಸಾಮಾನು ಹಾಳಾಗಿದ್ದರೆ ಮರುದಿನ ಹೋಗಿ ಜಗಳವಾದರೂ ಮಾಡಬಹುದು. ಮೊಬೈಲಿನೊಳಗಿನ ಅಂಗಡಿ ನಿನ್ನೆ ರಾತ್ರಿ ಬಾಗಿಲು ತೆರೆದು ನಾಳೆ ಬೆಳಿಗ್ಗೆ ಮಾಯವಾದರೆ ಯಾರ ಹತ್ತಿರ ಹೋಗಿ ಕೇಳುವುದು?

ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ, ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಬಸ್ಸುಗಳಲ್ಲಿ ಈಗ ಎಲ್ಲರ ಕಣ್ಣೂ ಮೊಬೈಲಿನ ಮೇಲೆ. ರೇಷ್ಮೆ ಸೀರೆ 499 ರೂಪಾಯಿಗೆ ಅಂತೆ. ಹತ್ತಾರು ಸಾವಿರ ಬಾಳುವ ಕಾರ್ಬನ್ ಫೈಬರ್ ದೋಟಿ ಕಾಲು ಬೆಲೆಗೆ ಅಂತೆ. ಕೆಳಗೆ ಗಡಿಯಾರ ಓಡುತ್ತಿರುತ್ತದೆ: ಇನ್ನು ಹತ್ತೇ ನಿಮಿಷ ಬಾಕಿ! ಕಂಡಕ್ಟರು ಟಿಕೆಟಿಗೆ ಬರುವಷ್ಟರಲ್ಲಿ ದುಡ್ಡು ಹೋಗಿ ಆಗಿರುತ್ತದೆ.

ಈ ಮೋಸ ಹೊಸತೇನಲ್ಲ. ಜಾಹೀರಾತು ನಂಬಿ ರೇಡಿಯೋ ತರಿಸಿದವರಿಗೆ ವಿ.ಪಿ.ಪಿ. ಪಾರ್ಸೆಲಿನಲ್ಲಿ ಇಟ್ಟಿಗೆ ತುಂಡು ಬಂದ ಕಥೆ ಹಿರಿಯರಿಗೆ ಗೊತ್ತು. ಈಗ ಇಟ್ಟಿಗೆಯ ಖರ್ಚೂ ಕಳ್ಳನಿಗೆ ಉಳಿದಿದೆ.

2016ರ ಫೆಬ್ರವರಿಯಲ್ಲಿ ನೋಯ್ಡಾದ ರಿಂಗಿಂಗ್ ಬೆಲ್ಸ್ ಎಂಬ ಕಂಪೆನಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುತ್ತೇನೆಂದು ಡಂಗುರ ಸಾರಿತು. ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಬಂತು. ಜನ ಮುಗಿಬಿದ್ದ ರಭಸಕ್ಕೆ ವೆಬ್‌ಸೈಟೇ ನಿಂತುಹೋಯಿತು. ಪತ್ರಕರ್ತರ ಕೈಗೆ ಕೊಟ್ಟ ಮಾದರಿ ಫೋನಿನಲ್ಲಿ ಬೇರೆ ಕಂಪೆನಿಯ ಹೆಸರನ್ನು ವೈಟ್ನರಿನಿಂದ ಮುಚ್ಚಿದ್ದು ಆಗಲೇ ಬಯಲಾಗಿತ್ತು. ಮರುವರ್ಷ, 2017ರ ಫೆಬ್ರವರಿಯಲ್ಲಿ, ಕಂಪೆನಿಯ ಮುಖ್ಯಸ್ಥನನ್ನು ಪೊಲೀಸರು ಬಂಧಿಸಿದರು. ದೂರು ಕೊಟ್ಟವರು ಗಿರಾಕಿಗಳಲ್ಲ, ಮುಂಗಡ ಕಟ್ಟಿದ್ದ ವಿತರಕರು. ನಮ್ಮ ವ್ಯಾಪಾರಿಗಳು ಇದನ್ನು ಗಮನಿಸಬೇಕು. ಹೋಲ್‌ಸೇಲ್ ದರದ ಆಸೆಗೆ ಬಿದ್ದರೆ ಹೋಗುವುದು 499 ರೂಪಾಯಿ ಅಲ್ಲ, ಒಂದು ಸೀಸನ್ನಿನ ಬಂಡವಾಳ.

ಹಾಗಾದರೆ ಕಳ್ಳ ಅಂಗಡಿಯನ್ನು ಗುರುತಿಸುವುದು ಹೇಗೆ?

ಮೊದಲು ವಿಳಾಸ ಹುಡುಕಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ಮಾರುವ ಸಂಸ್ಥೆ ತನ್ನ ಹೆಸರು, ಮುಖ್ಯ ಕಚೇರಿಯ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಪ್ರಕಟಿಸಲೇಬೇಕು. ದೂರು ಬಂತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಬರೀ ವಾಟ್ಸಾಪ್ ನಂಬ್ರ ಮಾತ್ರ ಇದ್ದರೆ ಅಲ್ಲಿಗೇ ಕೈಮುಗಿಯಿರಿ.

ಎರಡನೆಯದು ಹೆಸರು. ದೊಡ್ಡ ಕಂಪೆನಿಯ ಹೆಸರಿಗೆ ಒಂದಕ್ಷರ ಹೆಚ್ಚು ಮಾಡಿ, ಇಲ್ಲವೆ ಬಾಲದಲ್ಲಿ 'ಸೇಲ್', 'ಆಫರ್' ಎಂದು ಅಂಟಿಸಿ ಅಂಗಡಿ ತೆರೆಯುತ್ತಾರೆ. ಪಕ್ಕದಲ್ಲಿ ಬೀಗದ ಗುರುತಿದೆಯೆಂದು ನಂಬಬೇಡಿ. ನೀವು ಕಳಿಸುವ ವಿವರ ದಾರಿಯಲ್ಲಿ ಸೋರುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಅಂಗಡಿಯವ ಸಾಚಾ ಎಂದಲ್ಲ.

ಮೂರನೆಯದು ಜಿ.ಎಸ್.ಟಿ. ನಂಬ್ರ. ಅದರಲ್ಲಿ 15 ಅಕ್ಷರ-ಅಂಕೆಗಳಿರುತ್ತವೆ. ಮೊದಲಿನ ಎರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29. ಬೆಂಗಳೂರಿನ ಅಂಗಡಿ ಅಂತ ಹೇಳಿಕೊಂಡವನ ನಂಬ್ರ ಬೇರೆ ಅಂಕೆಯಿಂದ ಶುರುವಾದರೆ ಯಾಕೆಂದು ಕೇಳಿ. ಜಿ.ಎಸ್.ಟಿ. ಇಲಾಖೆಯ ವೆಬ್‌ಸೈಟಿನಲ್ಲಿ ಆ ನಂಬ್ರ ಹಾಕಿದರೆ ಅದು ಯಾರದೆಂದು ಪುಕ್ಕಟೆ ತಿಳಿಯುತ್ತದೆ.

ನಾಲ್ಕನೆಯದು ಹಣ ಕಟ್ಟುವಾಗಿನದು. ಕ್ಯೂ.ಆರ್. ಕೋಡಿಗೆ ಮೊಬೈಲು ಹಿಡಿದಾಗ ಹಣ ಪಡೆಯುವವನ ಹೆಸರು ಬರುತ್ತದೆ. ಅಂಗಡಿಯ ಹೆಸರೊಂದು, ಇಲ್ಲಿ ಯಾರೋ ವ್ಯಕ್ತಿಯ ಹೆಸರು ಅಂತಾದರೆ ಪಿನ್ ಒತ್ತಬೇಡಿ. 'ಹಣ ವಾಪಸು ಕೊಡುತ್ತೇವೆ, ಪಿನ್ ಒತ್ತಿ' ಎಂದು ಫೋನು ಬಂದರೆ ಅದು ಎರಡನೇ ಕಳ್ಳತನ ಮಾರಾಯ್ರೆ. ಪಿನ್ ಬೇಕಾದದ್ದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ.

ಇಷ್ಟರ ಮೇಲೂ ಮೋಸ ಹೋದರೆ? ನಾಚಿಕೆಯಿಂದ ಸುಮ್ಮನೆ ಕೂರುವುದು ಕಳ್ಳನಿಗೆ ಮಾಡುವ ಉಪಕಾರ. ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕಳಿಸಿದ ಹೊತ್ತು, ಮೊಬಲಗು, ವ್ಯವಹಾರದ ನಂಬ್ರ ಕೈಯಲ್ಲಿರಲಿ. ಕಳ್ಳ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲು ತಡೆಯುವುದೇ ಈ ಏರ್ಪಾಡಿನ ಉದ್ದೇಶ. ಎರಡು ದಿನ ಬಿಟ್ಟು ಹೋದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಮ್ಮಲ್ಲಿ ಇನ್ನೊಂದು ತೊಡಕು ಉಂಟು. ಬಂಟ್ವಾಳ, ಬೆಳ್ತಂಗಡಿ ಠಾಣೆಗಳು ಜಿಲ್ಲಾ ಎಸ್.ಪಿ. ಕೆಳಗೆ. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರರ ಕೆಳಗೆ. ಸಿದ್ದಕಟ್ಟೆಯ ಮನುಷ್ಯ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಣ ಕಳಿಸಿದ್ದರೆ ದೂರು ಎಲ್ಲಿ ಕೊಡಬೇಕು? ಎಲ್ಲಿ ಬೇಕಾದರೂ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. 'ನಮ್ಮ ಸರಹದ್ದಲ್ಲ' ಎಂದು ಯಾರನ್ನೂ ವಾಪಸು ಕಳಿಸುವ ಹಾಗಿಲ್ಲ.

ಪುರಸಭೆಗಳಿಗೆ, ಪಟ್ಟಣ ಪಂಚಾಯತಿಗೆ, ವರ್ತಕರ ಸಂಘಗಳಿಗೆ ನಮ್ಮ ಸಲಹೆ ಇಷ್ಟೆ. ಬಿ.ಸಿ.ರೋಡು, ಬೆಳ್ತಂಗಡಿ, ಮೂಡುಬಿದಿರೆ ಬಸ್‌ಸ್ಟ್ಯಾಂಡುಗಳಲ್ಲಿ 1930 ಎಂಬ ನಾಲ್ಕಂಕಿಯನ್ನು ದೂರಕ್ಕೆ ಕಾಣುವ ಹಾಗೆ ಬರೆಸಿ. ಪ್ರತಿ ಅಂಗಡಿಯ ಕ್ಯೂ.ಆರ್. ಕೋಡಿನ ಕೆಳಗೂ ಅದೇ ಅಂಕಿ ಇರಲಿ. ಖರ್ಚು ಒಂದು ಡಬ್ಬಿ ಪೈಂಟು. ಉಳಿಯುವುದು ಬೀಡಿ ಕಟ್ಟಿ, ಅಡಿಕೆ ಸುಲಿದು ಸಂಪಾದಿಸಿದ ದುಡ್ಡು.