ಟಾಪ್ ಜೋತುಬಿದ್ರೆ ಒಂದು ದಬ್ಬೆ ಕೊಡಿ

ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡವನು, ಅದರ ಬಟ್ಟೆಯ ಟಾಪ್ ಜೋತುಬಿತ್ತು ಅಂತ ಒಳಗಿನಿಂದ ಟೆಂಟಿನ ಕಡ್ಡಿ ಬಗ್ಗಿಸಿ ಸಿಕ್ಕಿಸಿಕೊಂಡು ಓಡಾಡಿದರೆ ನಮ್ಮ ಜನ ನಗ್ತಾರೆ. "ಅಷ್ಟು ದುಡ್ಡು ಸುರಿದು ಕಾರ್ ತಗೊಂಡೋನಿಗೆ ಹೊಸ ಟಾಪ್ ಹಾಕ್ಸೋಕೆ ಗತಿ ಇಲ್ವಾ?" ಅಂತಾರೆ. ನನ್ನ ಪ್ರಕಾರ ನಗಬೇಕಾದದ್ದು, ಕೆಟ್ಟಿದ್ದೇನು ಅಂತ ಒಂದು ನಿಮಿಷವೂ ನೋಡದೆ ಕಾರ್ಡ್ ಉಜ್ಜುವವನನ್ನು ಕಂಡು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕೂತ್ಕೊಳ್ಳಿ.

ನಾನು ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದೇನೆ. ನನ್ನ ಹತ್ತಿರ ಇರುವುದು ಸೆಕೆಂಡ್‌ಹ್ಯಾಂಡ್ ಲೋಟಸ್ ಎಲೀಸ್. 1996ರಲ್ಲಿ ಮಾರುಕಟ್ಟೆಗೆ ಬಂದು 2021ರವರೆಗೂ ನಾರ್ಫೋಕ್ ಸೀಮೆಯ ಹೆಥೆಲ್‌ನಲ್ಲಿ ತಯಾರಾದ, ಎರಡೇ ಸೀಟಿನ ಪುಟ್ಟ ಕಾರು. ಮೊದಲ ಮಾಡೆಲ್‌ನ ತೂಕ ಮುಕ್ಕಾಲು ಟನ್ನಿಗೂ ಕಡಿಮೆ. ತೂಕ ಉಳಿಸೋಕೆ ಅಂತ ಏನೇನು ಬಿಟ್ಟಿದ್ದಾರೋ ಅದರಲ್ಲಿ ಟಾಪ್ ಮಡಚುವ ಸರಂಜಾಮೂ ಒಂದು. ಮಾಜ್ದಾ ಎಂಎಕ್ಸ್-5 ಥರ ಕಮಾನುಗಳ ಸಮೇತ ಹಿಂದಕ್ಕೆ ಮಡಚಿಕೊಳ್ಳುವ ಟಾಪ್ ಇದಕ್ಕಿಲ್ಲ. ಮುಂದೆ ಗಾಜಿನ ಚೌಕಟ್ಟಿನ ಮೇಲಂಚು, ಹಿಂದೆ ತಲೆಯ ಹಿಂಭಾಗದ ರೋಲ್ ಬಾರ್, ಎರಡು ಪಕ್ಕಕ್ಕೆ ಒಂದೊಂದು ದಂಡ. ಇವುಗಳ ನಡುವೆ ಬಟ್ಟೆಯನ್ನು ಬಿಗಿಯಬೇಕು. ಬೇಡ ಅಂದರೆ ಕೈಯಾರೆ ಬಿಚ್ಚಿ, ಚಾಪೆ ಥರ ಸುತ್ತಿ, ಡಿಕ್ಕಿಗೆ ಹಾಕಬೇಕು. ಇಷ್ಟೇ ಅದರ ಮಹಿಮೆ.

ಹೊಸದರಲ್ಲಿ ಬಟ್ಟೆ ತಮಟೆ ಥರ ಬಿಗಿಯಾಗಿರುತ್ತೆ. ವರ್ಷಗಳು ಕಳೆದಂತೆ ನೇಯ್ಗೆ ಹಿಗ್ಗುತ್ತೆ, ಹೊಲಿಗೆ ಸಡಿಲ ಆಗುತ್ತೆ, ಬಿಸಿಲಿಗೆ ಬಟ್ಟೆ ಮೆತ್ತಗಾಗುತ್ತೆ. ವೇಗವಾಗಿ ಹೋಗುವಾಗ ಮೇಲಿನ ಗಾಳಿಯ ಒತ್ತಡ ಕಡಿಮೆಯಾಗಿ ಟಾಪ್ ಬಲೂನಿನ ಹಾಗೆ ಮೇಲಕ್ಕೆ ಉಬ್ಬುತ್ತೆ. ನಿಂತಾಗ ಅದೇ ಬಟ್ಟೆ ಕೆಳಕ್ಕೆ ಜೋಲುತ್ತೆ. ಆಮೇಲೆ ಮಳೆ. ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸರಾಸರಿ ಒಂದು ಸೆಂಟಿಮೀಟರ್ ನೀರು ನಿಂತರೆ 10 ಲೀಟರ್, ಅಂದರೆ 10 ಕೆ.ಜಿ. ಆ ತೂಕಕ್ಕೆ ಬಟ್ಟೆ ಇನ್ನಷ್ಟು ಬಗ್ಗುತ್ತೆ, ಬಗ್ಗಿದ್ದಕ್ಕೆ ಇನ್ನಷ್ಟು ನೀರು ನಿಲ್ಲುತ್ತೆ. ಚಪ್ಪಟೆ ಛಾವಣಿ ಕಟ್ಟುವ ಸಿವಿಲ್ ಇಂಜಿನಿಯರ್‌ಗಳಿಗೆ ಈ ವಿಷಚಕ್ರ ಚೆನ್ನಾಗಿ ಗೊತ್ತು. ಹೀಗೆ ನೀರು ಕಟ್ಟಿಯೇ ದೊಡ್ಡ ದೊಡ್ಡ ಛಾವಣಿಗಳು ಕುಸಿಯುವುದುಂಟು. ಕಾರಿನಲ್ಲಿ ಅಷ್ಟೆಲ್ಲ ಆಗಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಇಂಗ್ಲೆಂಡಿನ ತಣ್ಣೀರು ನಿಮ್ಮ ತೊಡೆಯ ಮೇಲೆ ಅಭಿಷೇಕ ಆಗುತ್ತೆ.

ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. ಕೌಂಟರಿನವರು ಎದ್ದು ಬಂದು ಕಾರ್ ನೋಡಲೂ ಇಲ್ಲ. ಕಂಪ್ಯೂಟರಿನಲ್ಲಿ ಪಾರ್ಟ್ ನಂಬರ್ ಒತ್ತಿ, ಪೂರ್ತಿ ಟಾಪ್ ಹೊಸದು ಹಾಕಬೇಕು ಅಂತ ಎಸ್ಟಿಮೇಟ್ ಕೊಟ್ಟರು. ಅದು ನನ್ನ ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ. ಬಟ್ಟೆ ಎಲ್ಲೂ ಹರಿದಿಲ್ಲ, ಕೊಕ್ಕೆಗಳು ಗಟ್ಟಿ ಇವೆ, ನಡುವೆ ಒಂದು ಆಸರೆ ಕೊಟ್ಟರೆ ಸಾಕಲ್ವಾ ಅಂದೆ. "ಅಂಥದ್ದೆಲ್ಲ ನಾವು ಮಾಡಲ್ಲ" ಅಂದರು. ಮಾಡಲ್ಲ ಅನ್ನುವುದು ಅವರ ಇಷ್ಟ. ಆದರೆ ಅದನ್ನೇ "ಮಾಡೋಕಾಗಲ್ಲ" ಅಂತ ನಾವು ಕೇಳಿಸಿಕೊಳ್ತೀವಲ್ಲ, ನನ್ನ ತಕರಾರು ಅಲ್ಲಿ.

ಯಾಕಂದರೆ ಮಾಡೋಕೆ ಆಗುತ್ತೆ, ಅರ್ಧ ದಿನದ ಕೆಲಸ. ಟೆಂಟಿಗೆ ಬಳಸುವ ಫೈಬರ್‌ಗ್ಲಾಸ್ ಕಡ್ಡಿ ಎರಡು ಬೇಕು. ಎರಡು ಪಕ್ಕದ ದಂಡಗಳ ನಡುವಿನ ಅಗಲ ಅಳೆದು, ಅದಕ್ಕಿಂತ ಸ್ವಲ್ಪ ಉದ್ದಕ್ಕೆ ಕತ್ತರಿಸಿ. ಆ ಹೆಚ್ಚುವರಿ ಉದ್ದದಲ್ಲೇ ಎಲ್ಲ ಗುಟ್ಟು ಇರೋದು: ಕಡ್ಡಿ ನೇರವಾಗಿ ಕೂರೋಕೆ ಜಾಗ ಸಾಲದೆ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿ ಬಟ್ಟೆಯನ್ನು ಎತ್ತಿ ಹಿಡಿಯುತ್ತೆ. ಫೈಬರ್‌ಗ್ಲಾಸ್ ಸೀಳಿದರೆ ಮುಳ್ಳು ಮುಳ್ಳಾಗುತ್ತೆ, ಅದಕ್ಕೆ ಮೈಪೂರ್ತಿ ಹೀಟ್ ಶ್ರಿಂಕ್ ತೊಡಿಸಿ. ಅದರ ಮೇಲೆ ಪೈಪಿಗೆ ಸುತ್ತುವ ಫೋಮ್. ತುದಿಗಳಿಗೆ ಊರುಗೋಲಿನ ಬುಡಕ್ಕೆ ಹಾಕುವಂಥ ರಬ್ಬರ್ ಟೋಪಿ. ವೇಗದಲ್ಲಿ ಬಟ್ಟೆ ಮೇಲಕ್ಕೆ ಉಬ್ಬಿದಾಗ ಕಡ್ಡಿಯ ಮೇಲಿನ ಒತ್ತಡ ಸಡಿಲಿ ಅದು ಜಾರಿ ಬೀಳಬಹುದು, ಹಾಗಾಗಿ ಎರಡೂ ಕಡೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಬೇಕು. ಟಾಪ್ ತೆಗೆಯಬೇಕಾದಾಗ ಪಟ್ಟಿ ಬಿಚ್ಚಿದರೆ ಆಯ್ತು. ಕಾರಿಗೆ ಒಂದು ತೂತೂ ಕೊರೆದಿಲ್ಲ, ಅಂಟು ಹಚ್ಚಿಲ್ಲ. ನಾಳೆ ಯಾರಿಗಾದರೂ ಮಾರಿದರೆ ಕಡ್ಡಿ ತೆಗೆದು ಮೊದಲಿನ ಹಾಗೇ ಕೊಡಬಹುದು.

ಇದರಲ್ಲಿ ಹೊಸ ಆವಿಷ್ಕಾರ ಏನೂ ಇಲ್ಲ. ನಮ್ಮ ಹಳ್ಳಿಗಳ ಕಮಾನುಗಾಡಿ ನೆನಪು ಮಾಡಿಕೊಳ್ಳಿ. ಬಿದಿರಿನ ದಬ್ಬೆ ಬಗ್ಗಿಸಿ ಗಾಡಿಯ ಎರಡು ಪಕ್ಕಕ್ಕೆ ಸಿಕ್ಕಿಸಿ ಮೇಲೆ ಚಾಪೆ ಹೊದಿಸಿದರೆ ಸೂರು ಸಿದ್ಧ. ಯುರೋಪಿನ ಕುದುರೆ ಸಾರೋಟಿನ ಮುಚ್ಚಿಗೆಯೂ ಹೀಗೇ ಕಮಾನುಗಳ ಮೇಲೆ ನಿಂತಿತ್ತು, ಕಾರಿನ ಟಾಪ್ ಬಂದದ್ದು ಅಲ್ಲಿಂದಲೇ. ತೂಕ ಉಳಿಸೋಕೆ ಹೋಗಿ ಬಟ್ಟೆಯ ನಡುವಿನ ಆಸರೆಯಲ್ಲಿ ಕಂಜೂಸಿ ಮಾಡಿದ್ದನ್ನು ಮನೆಯಲ್ಲಿ ಕಡ್ಡಿ ಬಗ್ಗಿಸಿದವನು ಸರಿ ಮಾಡ್ತಾನೆ. ಅದಕ್ಕೆ ಜುಗಾಡ್ ಅಂತ ಹೆಸರಿಟ್ಟು ಮೂಗು ಮುರಿಯೋದು ಯಾಕೆ?

ನನ್ನ ಆಫೀಸಿನ ಗೆಳೆಯರದ್ದು ಇನ್ನೊಂದು ವರಸೆ. "ಇದು ವರ್ಕ್‌ಅರೌಂಡ್ ಗುರೂ, ಫಿಕ್ಸ್ ಅಲ್ಲ." ಹಳೇ ಬಟ್ಟೆ ತೆಗೆದು ಹೊಸ ಬಟ್ಟೆ ಹಾಕೋದೇ ಫಿಕ್ಸ್ ಅಂತೆ. ಸರಿ, ರೂಟ್ ಕಾಸ್ ಏನು ಹೇಳಿ? ಬಟ್ಟೆ ಹಿಗ್ಗುತ್ತೆ, ಅದರ ನಡುವೆ ಆಸರೆ ಸಾಲದು. ಹೊಸ ಬಟ್ಟೆಯೂ ಹಿಗ್ಗುತ್ತೆ, ಅದರ ನಡುವೆಯೂ ಆಸರೆ ಸಾಲದು. ಅಂದಮೇಲೆ ಹೊಸ ಟಾಪ್ ಹಾಕಿಸಿದವನು ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡಿದ ಹಾಗಾಯ್ತು. ಕಡ್ಡಿ ಕೊಟ್ಟವನು ಬಗ್ ಎಲ್ಲಿದೆಯೋ ಅಲ್ಲಿಗೆ ಕೈ ಹಾಕಿದ್ದಾನೆ.

ಮತ್ತೊಂದು ವಾದ, ನಮ್ಮ ತಲೆಮಾರಿನ ಅಚ್ಚುಮೆಚ್ಚಿನದು: "ನನ್ನ ಒಂದು ಗಂಟೆಗೆ ಇಷ್ಟು ಬೆಲೆ. ಆ ಸಮಯ ಇದಕ್ಕೆ ಹಾಕಿದರೆ ಲಾಸ್." ಈ ಲೆಕ್ಕ ಶನಿವಾರ ಮಧ್ಯಾಹ್ನಕ್ಕೂ ಹೊಂದುತ್ತಾ? ಆ ಹೊತ್ತಿನಲ್ಲಿ ನಿಮಗೆ ಯಾರೂ ಸಂಬಳ ಕೊಡ್ತಿಲ್ಲ, ನೀವು ಸೋಫಾ ಮೇಲೆ ಬಿದ್ಕೊಂಡು ರೀಲ್ಸ್ ನೋಡ್ತಿದ್ದೀರಿ. ಹಾಗೇ ಎಸ್ಟಿಮೇಟ್ ತರೋದು, ಅಪಾಯಿಂಟ್‌ಮೆಂಟ್ ಹಿಡಿಯೋದು, ಕಾರ್ ಬಿಟ್ಟು ಬರೋದು, ಮತ್ತೆ ಹೋಗಿ ತರೋದು, ಇದನ್ನೆಲ್ಲ ಆ ಲೆಕ್ಕದಲ್ಲಿ ಯಾರೂ ಸೇರಿಸಲ್ಲ.

ಇಲ್ಲಿ ದುಡ್ಡಿಗಿಂತ ಹಳೆಯ ರೋಗ ಒಂದಿದೆ. ಆಯುಧಪೂಜೆ ದಿನ ನಾವು ಸ್ಪ್ಯಾನರಿಗೆ ಕುಂಕುಮ ಹಚ್ತೀವಿ, ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡ್ತೀವಿ. ಮಾರನೇ ದಿನದಿಂದ ಆ ಸ್ಪ್ಯಾನರ್ ಹಿಡಿಯುವ ಕೈಯನ್ನು ಕೀಳಾಗಿ ನೋಡ್ತೀವಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಹುಡುಗ ಮನೆಯ ಫ್ಯಾನ್ ಬಿಚ್ಚಿದರೆ "ನಿಂಗ್ಯಾಕೋ ಇವೆಲ್ಲ, ಯಾರನ್ನಾದ್ರೂ ಕರ್ಸು" ಅಂತ ಅಮ್ಮನೇ ಗದರ್ತಾರೆ. ಯಾರನ್ನಾದರೂ ಅಂದರೆ ಯಾರನ್ನ? ಆ "ಯಾರಾದ್ರೂ" ಯಾವ ಬೀದಿಯವರು, ಯಾವ ಜಾತಿಯವರು ಅಂತ ನಮಗೆಲ್ಲ ಗೊತ್ತು. ಕೈಗೆ ಗ್ರೀಸ್ ಆದರೆ ಮಾನ ಹೋಗುತ್ತೆ ಅನ್ನುವುದನ್ನು ನಾವು ಯಾವ ಕಾಲೇಜಿನಲ್ಲೂ ಕಲೀಲಿಲ್ಲ, ಮನೆಯಿಂದಲೇ ತಂದಿದ್ದು.

ತಮಾಷೆ ಏನಂದರೆ, ಲೋಟಸ್ ಅನ್ನುವ ಕಂಪನಿಯೇ ಹುಟ್ಟಿದ್ದು ಮನೆಯಲ್ಲಿ ಮಾಡಿದ ರಿಪೇರಿಯಿಂದ. ಕಾಲಿನ್ ಚಾಪ್‌ಮನ್ 1948ರಲ್ಲಿ ತನ್ನ ಮೊದಲ ಕಾರನ್ನು ಮಾಡಿದ್ದು ಹಳೇ ಆಸ್ಟಿನ್ 7 ಒಂದನ್ನು ಬಿಚ್ಚಿ, ಗೆಳತಿಯ ಅಪ್ಪ ಅಮ್ಮನ ಮನೆಯ ಹಿಂದಿನ ಗ್ಯಾರೇಜಿನಲ್ಲಿ. 1957ರಲ್ಲಿ ಬಂದ ಲೋಟಸ್ ಸೆವೆನ್ ಅನ್ನು ಕಂಪನಿ ಬಿಡಿಭಾಗಗಳ ಕಿಟ್ ಆಗಿಯೂ ಮಾರಿತು. ಪೂರ್ತಿ ಜೋಡಿಸಿದ ಕಾರಿಗೆ ಆಗ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಇತ್ತು, ಕಿಟ್ಟಿಗೆ ಇರಲಿಲ್ಲ. ಮಧ್ಯಮ ವರ್ಗದ ಹುಡುಗರು ವಾರಾಂತ್ಯಗಳಲ್ಲಿ ತಮ್ಮ ಕಾರನ್ನು ತಾವೇ ಜೋಡಿಸಿಕೊಂಡರು. 1973ರಲ್ಲಿ ವ್ಯಾಟ್ ಬಂದು ಆ ಉಳಿತಾಯ ಹೋಯ್ತು. ಆದರೆ ಅದೇ ವರ್ಷ ಸೆವೆನ್ ಮಾದರಿಯ ಹಕ್ಕು ಕೊಂಡ ಕೇಟರ್‌ಹ್ಯಾಮ್ ಇವತ್ತಿಗೂ ಕಿಟ್ ಮಾರುತ್ತೆ. ಇಡೀ ಕಾರನ್ನೇ ಗಿರಾಕಿಯ ಕೈಗೆ ನಂಬಿ ಕೊಟ್ಟವರ ಪರಂಪರೆಯ ಕಾರಿಗೆ ಒಂದು ಕಡ್ಡಿ ಕೊಡೋಕೆ ಗಿರಾಕಿ ನಾಚಬೇಕಂತೆ!

ಕಾರ್ ಇಲ್ಲದವರು, ಇದು ನಮಗಲ್ಲ ಅಂದುಕೊಳ್ಳಬೇಡಿ. ನಮ್ಮ ದೇಶದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಆರೋಪ ಏನು? ಬಿಡಿಭಾಗಗಳನ್ನು, ರಿಪೇರಿಗೆ ಬೇಕಾದ ಉಪಕರಣ ಮತ್ತು ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದು. ಆಮೇಲೆ ಮೇಲ್ಮನವಿಗಳು ನಡೆದವು, ಅದು ಬೇರೆ ಕಥೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಮೊಬೈಲ್, ಮನೆಬಳಕೆಯ ಯಂತ್ರಗಳು, ಕೃಷಿ ಉಪಕರಣಗಳು, ವಾಹನಗಳು ಅದರ ವ್ಯಾಪ್ತಿಯಲ್ಲಿವೆ. ಒಳ್ಳೇದೇ. ಆದರೆ ಪೋರ್ಟಲ್ ಬಂದ ಮಾತ್ರಕ್ಕೆ ಕೈ ಬರಲ್ಲ. ರಿಪೇರಿ ಮಾಡೋದು ಅವಮಾನ ಅಂದುಕೊಂಡ ಸಮಾಜಕ್ಕೆ ರಿಪೇರಿ ಹಕ್ಕು ಕೊಟ್ಟರೆ ಅದನ್ನು ಬಳಸೋರು ಯಾರು? ನಾವು ನಾಚಿಕೊಂಡಷ್ಟೂ ಕಂಪನಿಗಳಿಗೆ ಲಾಭ. "ಪೂರ್ತಿ ಸೆಟ್ಟೇ ಬದಲಾಯಿಸಿ ಸಾರ್" ಅನ್ನುವ ಮಾತಿಗೆ ತಲೆಯಾಡಿಸುತ್ತಾ ಹೋದರೆ ಪೂರ್ತಿ ಸೆಟ್ಟು ಬಿಟ್ಟು ಬೇರೇನೂ ಅಂಗಡಿಯಲ್ಲಿ ಸಿಗದ ದಿನ ಬರುತ್ತೆ.

ಸುರಕ್ಷತೆಯ ಮಾತು ತೆಗೆಯುವವರ ಜೊತೆ ಮಾತ್ರ ನನಗೆ ಜಗಳ ಇಲ್ಲ, ಅವರ ಪ್ರಶ್ನೆ ನ್ಯಾಯವಾದದ್ದು. ಆ ಕಡ್ಡಿ ಇರೋದು ನಿಮ್ಮ ತಲೆಯ ಮೇಲೆ, ಪಕ್ಕದಲ್ಲಿ ಕೂತವರ ತಲೆಯ ಮೇಲೂ. ಹಾಗಾಗಿ ಕಬ್ಬಿಣದ ಸರಳು ಬೇಡ, ಬೋಳು ಸ್ಕ್ರೂ ಬೇಡ, ಚೂಪು ತುದಿ ಬೇಡವೇ ಬೇಡ. ಬ್ರೇಕ್, ಸೀಟ್ ಬೆಲ್ಟ್, ರೋಲ್ ಬಾರ್, ಏರ್‌ಬ್ಯಾಗ್ ಇವುಗಳಿಗೆ ಮನೆಮದ್ದು ಮಾಡುವವನಿಗೆ ನನ್ನ ಬೆಂಬಲ ಇಲ್ಲ. ಬಟ್ಟೆ ಜೋತುಬಿದ್ದರೆ ಒದ್ದೆಯಾಗ್ತೀರಿ, ಬ್ರೇಕ್ ಹೋದರೆ ಸಾಯ್ತೀರಿ. ಈ ವ್ಯತ್ಯಾಸ ಗೊತ್ತಾಗೋದಕ್ಕೂ ಮೊದಲು ಒಳಗೆ ಇಣುಕಿ ನೋಡಿರಬೇಕು. ಎಂದೂ ಏನನ್ನೂ ಬಿಚ್ಚದವನಿಗೆ ಎರಡೂ ಒಂದೇ, ಎರಡಕ್ಕೂ ಅವನು ಅಷ್ಟೇ ಹೆದರ್ತಾನೆ, ಎರಡಕ್ಕೂ ಅಷ್ಟೇ ಬಿಲ್ ಕಟ್ತಾನೆ.

ನುರಿತ ಕೆಲಸಗಾರರ ಹೊಟ್ಟೆಗೆ ಹೊಡೀಬೇಕು ಅನ್ನೋದೂ ನನ್ನ ಉದ್ದೇಶ ಅಲ್ಲ. ಉಲ್ಟಾ. ಒಮ್ಮೆ ಕಡ್ಡಿಯನ್ನು ನೀವೇ ಅಳೆದು, ಕತ್ತರಿಸಿ, ಎರಡು ಸಲ ತಪ್ಪಳತೆ ಆಗಿ, ಮೂರನೇ ಸಲಕ್ಕೆ ಕೂರಿಸಿದ ಮೇಲೆ, ಮೂಲೆಯಂಗಡಿಯ ಟೈಲರ್ ಅಣ್ಣ ಸೀಟ್ ಕವರ್ ಹೊಲಿದು ಕೊಟ್ಟಾಗ ನೂರು ರೂಪಾಯಿಗೆ ಚೌಕಾಸಿ ಮಾಡೋಕೆ ಬಾಯಿ ಬರಲ್ಲ. ಕೆಲಸದ ಕಷ್ಟ ಗೊತ್ತಿರೋನು ಕೆಲಸಗಾರನಿಗೆ ಮರ್ಯಾದೆ ಕೊಡ್ತಾನೆ.

ನಿಮ್ಮ ಹತ್ತಿರ ಎಲೀಸ್ ಇರಲಿಕ್ಕಿಲ್ಲ. ಹಿಂಜು ಸಡಿಲವಾದ ಲ್ಯಾಪ್‌ಟಾಪ್ ಇದೆ, ಜಿಪ್ ಹೋದ ಬ್ಯಾಗ್ ಇದೆ, ಗ್ಯಾಸ್ಕೆಟ್ ಸವೆದ ಕುಕ್ಕರ್ ಇದೆ. ಮುಂದಿನ ಸಲ ಯಾರಾದರೂ "ಇದು ಆಗಲ್ಲ, ಹೊಸದೇ ತಗೊಳ್ಳಿ" ಅಂದಾಗ ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಕೆಟ್ಟಿರೋ ಭಾಗ ಯಾವುದು, ತೋರಿಸ್ತೀರಾ?" ತೋರಿಸಿದರೆ ಅವರಿಗೆ ಕೆಲಸ ಗೊತ್ತು, ಅವರ ಮಾತು ಕೇಳಿ, ಕೇಳಿದಷ್ಟು ದುಡ್ಡೂ ಕೊಡಿ. ತೋರಿಸದಿದ್ದರೆ ವಸ್ತುವನ್ನು ಮನೆಗೆ ವಾಪಸ್ ತನ್ನಿ, ನ್ಯೂಸ್‌ಪೇಪರ್ ಹಾಸಿ, ಸ್ಕ್ರೂಡ್ರೈವರ್ ತಗೊಂಡು ಕೂತ್ಕೊಳ್ಳಿ. ನಗೋರು ನಗಲಿ.