ಶಸ್ತ್ರವೈದ್ಯರೂ ಸಾಮಾಜಿಕ ಜಾಲತಾಣವೂ

ಮೈಸೂರಿನ ಬನ್ನಿಮಂಟಪವೆಂದೊಡನೆ ವಿಜಯದಶಮಿಯ ಮೆರವಣಿಗೆಯೂ ಅಂದಿನ ರಾತ್ರಿಯ ಪಂಜಿನ ಕವಾಯತೂ ನೆನಪಿಗೆ ಬರುವುದು ಸಹಜ. ಆದರೆ ವರ್ಷವಿಡೀ ಅಲ್ಲಿ ನಡೆಯುವ ಕೆಲಸ ಬೇರೊಂದುಂಟು. 1984ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು ಇರುವುದು ಆ ಬಡಾವಣೆಯಲ್ಲಿಯೇ. ಇಂಥ ಕಾಲೇಜುಗಳಲ್ಲಿ ಶಸ್ತ್ರವೈದ್ಯವನ್ನು ಕಲಿತವರು ಮುಂದೆ ದೂರದ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಒಬ್ಬಂಟಿಗರಾಗಿ ದುಡಿಯಬೇಕಾಗಿ ಬರಬಹುದು. ಕಾಲೇಜು ಬಿಟ್ಟ ಮೇಲೆ ಹೊಸ ವಿದ್ಯೆ ಅವರನ್ನು ತಲುಪುವ ಬಗೆ ಹೇಗೆ?

ಇದಕ್ಕಾಗಿಯೇ ಸಮ್ಮೇಳನಗಳು ಏರ್ಪಟ್ಟಿವೆ. ಭಾರತದ ಶಸ್ತ್ರವೈದ್ಯರ ಸಂಘವು 1938ರಲ್ಲಿ ಹುಟ್ಟಿತು. ಅದರ ರಾಜ್ಯಶಾಖೆಗಳೂ ಸಮ್ಮೇಳನ ನಡೆಸುತ್ತವೆ. ಆದರೆ ಇರುವ ಒಬ್ಬ ಶಸ್ತ್ರವೈದ್ಯನು ಮೂರು ದಿನ ಊರು ಬಿಟ್ಟರೆ ಆ ಮೂರು ದಿನವೂ ಶಸ್ತ್ರಕ್ರಿಯೆ ನಿಂತುಹೋಗುತ್ತದೆ. ಹೋಗಬೇಕಾದವರೇ ಹೋಗಲಾರದವರು.

ಸುದ್ದಿ ನಿಧಾನವಾಗಿ ಸಾಗುತ್ತಿದ್ದ ಕಾಲವೊಂದಿತ್ತು. ಈಥರ್ ಆವಿಯಿಂದ ರೋಗಿಯ ಅರಿವಳಿಸಿ ಶಸ್ತ್ರಕ್ರಿಯೆ ಮಾಡಬಹುದೆಂಬುದನ್ನು ಅಮೆರಿಕದ ಬಾಸ್ಟನ್ ನಗರದಲ್ಲಿ ಜನರೆದುರಿಗೆ ತೋರಿಸಿದ್ದು 1846ರ ಅಕ್ಟೋಬರ್ 16ರಂದು. ಸುದ್ದಿ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿತು; ಡಿಸೆಂಬರ್ 21ರಂದು ಲಂಡನ್ನಿನ ರಾಬರ್ಟ್ ಲಿಸ್ಟನ್ ಅದೇ ವಿಧಾನದಿಂದ ರೋಗಿಯೊಬ್ಬನ ಕಾಲನ್ನು ಕತ್ತರಿಸಿದನು. ಕಲ್ಕತ್ತೆಯಲ್ಲಿ ಈಥರ್ ಬಳಕೆಗೆ ಬರುವ ವೇಳೆಗೆ 1847ರ ಮಾರ್ಚ್ ಆಗಿತ್ತು. ಈ ಐದು ತಿಂಗಳಲ್ಲಿ ಎಷ್ಟು ಮಂದಿ ಎಚ್ಚರವಿದ್ದಂತೆಯೇ ಗರಗಸದ ನೋವನ್ನು ಸಹಿಸಿರಬಹುದೆಂಬುದನ್ನು ವಾಚಕರೇ ಊಹಿಸಲಿ.

ಇಂದು ಸಮ್ಮೇಳನದಲ್ಲಿ ಕುಳಿತ ಶಸ್ತ್ರವೈದ್ಯನು ತೆರೆಯ ಮೇಲಿನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ಸಮ್ಮೇಳನದ ಹೆಸರಿನ ಹ್ಯಾಷ್‌ಟ್ಯಾಗನ್ನು ಸೇರಿಸಿ ಜಾಲತಾಣಕ್ಕೆ ಏರಿಸುತ್ತಾನೆ. ಭಾಷಣ ಮುಗಿಯುವ ಮುನ್ನವೇ ಅದು ಕೊಳ್ಳೇಗಾಲದ ವೈದ್ಯನ ಕೈಗೆ ಬಂದಿರುತ್ತದೆ. ಹರ್ನಿಯಾ ಶಸ್ತ್ರಕ್ರಿಯೆಯನ್ನು ಚರ್ಚಿಸಲೆಂದೇ 2012ರಲ್ಲಿ ಫೇಸ್‌ಬುಕ್ಕಿನಲ್ಲಿ ಅಂತರರಾಷ್ಟ್ರೀಯ ಬಳಗವೊಂದು ಹುಟ್ಟಿಕೊಂಡಿತು. 2016ರಲ್ಲಿ ಅಮೆರಿಕದ ಶಸ್ತ್ರವೈದ್ಯ ಆಂಡ್ರ್ಯೂ ಇಬ್ರಾಹಿಂ ಅವರು ಒಂದು ಸಂಶೋಧನ ಲೇಖನದ ತಿರುಳನ್ನು ಒಂದೇ ಚಿತ್ರದಲ್ಲಿ ತೋರಿಸುವ ‘ಚಿತ್ರಸಾರಾಂಶ’ವನ್ನು ಬಳಕೆಗೆ ತಂದರು. ಮೊಬೈಲಿನಲ್ಲಿ ವಿದ್ಯೆಯೇ ಎಂದು ಮೂಗು ಮುರಿಯುವ ಹಿರಿಯರೊಡನೆ ನಾವು ಸೇರುವುದಿಲ್ಲ. ಬಡ ಊರಿನ ರೋಗಿಗೂ ದೊಡ್ಡ ನಗರದ ಜ್ಞಾನಕ್ಕೂ ನಡುವಣ ದೂರವನ್ನು ತಗ್ಗಿಸುವ ಸಾಧನವನ್ನು ಹಳಿಯುವುದು ಸರಿಯಲ್ಲ.

ಆದರೆ ವೇಗವೊಂದೇ ಸಾಲದು. ಇದಕ್ಕೆ ಪಿತ್ತಕೋಶದ ಶಸ್ತ್ರಕ್ರಿಯೆಯ ಇತಿಹಾಸವೇ ಸಾಕ್ಷಿ. ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ನಳಿಗೆಯನ್ನು ತೂರಿಸಿ ಪಿತ್ತಕೋಶವನ್ನು ತೆಗೆಯುವ ಲ್ಯಾಪರೋಸ್ಕೋಪಿ ವಿಧಾನವನ್ನು 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲು ನೆರವೇರಿಸಿದನು. ಮರುವರ್ಷ ತನ್ನ ದೇಶದ ಸಮ್ಮೇಳನದಲ್ಲಿ ಅದನ್ನು ತಿಳಿಸಿದಾಗ ಹಿರಿಯರು ಆದರಿಸಲಿಲ್ಲ. 1989ರಲ್ಲಿ ಅಮೆರಿಕದ ಲೂಯಿವಿಲ್ ನಗರದ ಸಮ್ಮೇಳನದಲ್ಲಿ ಫ್ರಾನ್ಸಿನ ಜಾಕ್ ಪೆರಿಸಾ ಇದೇ ಕ್ರಿಯೆಯ ವಿಡಿಯೋವನ್ನು ವೇದಿಕೆಯಲ್ಲಲ್ಲ, ಒಂದು ಮಳಿಗೆಯಲ್ಲಿ ತೋರಿಸಿದಾಗ ಶಸ್ತ್ರವೈದ್ಯರು ಬೆರಗಾಗಿ ನೋಡಿದರು. ಮರುವರ್ಷವೇ ಮುಂಬಯಿಯಲ್ಲಿ ಡಾ. ಟೆಹೆಮ್‌ಟನ್ ಉದ್ವಾಡಿಯಾ ಅದನ್ನು ಭಾರತದಲ್ಲಿ ಆರಂಭಿಸಿದರು.

ವಿಧಾನ ಒಳ್ಳೆಯದೇ. ಇಂದು ಅದೇ ರೂಢಿಯಲ್ಲಿದೆ. ಆದರೆ ಕೆಲವೇ ದಿನಗಳ ಶಿಬಿರದಲ್ಲಿ ಕಲಿತವರು ಅವಸರದಿಂದ ಕೈಯಿಟ್ಟ ಆ ಮೊದಲ ವರ್ಷಗಳಲ್ಲಿ, ಸಾವಿರಕ್ಕೆ ಒಂದೆರಡರಷ್ಟಿದ್ದ ಪಿತ್ತನಾಳದ ಗಾಯವು ಸಾವಿರಕ್ಕೆ ಸುಮಾರು ಐದಕ್ಕೆ ಏರಿತು. ವಿಡಿಯೋ ಕೈಚಳಕವನ್ನು ತೋರಿಸಿತ್ತು. ಅಪಾಯದ ಲೆಕ್ಕವನ್ನು ತೋರಿಸಿರಲಿಲ್ಲ.

ಈ ಲೆಕ್ಕವನ್ನು ನಮ್ಮ ವಿದ್ಯಾರ್ಥಿಗಳೂ ಮಾಡಿ ನೋಡಬಹುದು. ಗಾಯದ ಪ್ರಮಾಣ ಸಾವಿರಕ್ಕೆ ಐದು ಎಂದಿಟ್ಟುಕೊಳ್ಳೋಣ. ಒಂದು ಶಸ್ತ್ರಕ್ರಿಯೆ ಗಾಯವಿಲ್ಲದೆ ಮುಗಿಯುವ ಸಂಭವನೀಯತೆ 0.995. ಐವತ್ತೂ ಹಾಗೆಯೇ ಮುಗಿಯುವ ಸಂಭವನೀಯತೆ ಈ ಸಂಖ್ಯೆಯ 50ನೆಯ ಘಾತ, ಅಂದರೆ ಸುಮಾರು 0.78. ಹೀಗಾಗಿ ತಲಾ ಐವತ್ತು ಶಸ್ತ್ರಕ್ರಿಯೆ ಮಾಡಿದ ನೂರು ಮಂದಿಯಲ್ಲಿ ಸುಮಾರು 78 ಮಂದಿ ‘ನಮ್ಮಲ್ಲಿ ಒಂದು ಗಾಯವೂ ಆಗಿಲ್ಲ’ ಎಂದು ಸತ್ಯವಾಗಿಯೇ ಸಾರಬಹುದು. ವಿಧಾನ ಮಾತ್ರ ಹಳೆಯದಕ್ಕಿಂತ ಎರಡು ಮೂರು ಪಟ್ಟು ಅಪಾಯಕರವಾಗಿರುತ್ತದೆ! ಜಾಲತಾಣಕ್ಕೆ ಉತ್ಸಾಹದಿಂದ ಚಿತ್ರ ಏರಿಸುವವರು ಈ 78 ಮಂದಿ. ಉಳಿದ 22 ಮಂದಿ ಸುಮ್ಮನಿದ್ದುಬಿಡುವ ಸಂಭವವೇ ಹೆಚ್ಚು. ಆದರೆ ಕಲಿಯುವವನಿಗೆ ಬೇಕಾದುದು ಅವರ ಅನುಭವವೇ ಅಲ್ಲವೆ?

ಪ್ರಯೋಗಶಾಲೆಯಲ್ಲಿ ಅಳತೆಯೊಡನೆ ಅದರ ದೋಷಮಿತಿಯನ್ನು ಬರೆಯದ ವಿದ್ಯಾರ್ಥಿಗೆ ನಾವು ಪೂರ್ಣ ಅಂಕ ಕೊಡುವುದಿಲ್ಲ. ಭೌತವಿಜ್ಞಾನಿಗಳು 1991ರಿಂದಲೇ ಇನ್ನೂ ಅಚ್ಚಾಗದ ಲೇಖನಗಳನ್ನು ಆರ್ಕೈವ್ ಎಂಬ ಜಾಲಭಂಡಾರದಲ್ಲಿ ಹಂಚಿಕೊಳ್ಳುತ್ತಿದ್ದಾರೆ. ಅಲ್ಲಿ ತಪ್ಪಾದರೆ ಲೇಖನವನ್ನು ತಿದ್ದಿದರೆ ಸಾಕು. ಕೊಯ್ದ ಪಿತ್ತನಾಳವನ್ನು ತಿದ್ದುವುದು ಅಷ್ಟು ಸುಲಭವಲ್ಲ. ಆದಕಾರಣ ಶಸ್ತ್ರವೈದ್ಯರ ಹೊಣೆ ನಮ್ಮದಕ್ಕಿಂತ ದೊಡ್ಡದು.

ಚಿತ್ರ ನೋಡಿದವರೆಲ್ಲರೂ ಮೂಲವನ್ನು ಓದುತ್ತಾರೆಂದು ನಂಬುವಂತಿಲ್ಲ. ಚಿತ್ರಸಾರಾಂಶದ ಫಲವನ್ನು ಇಬ್ರಾಹಿಂ ಅವರೂ ಅವರ ಸಂಗಡಿಗರೂ 44 ಲೇಖನಗಳನ್ನಿಟ್ಟುಕೊಂಡು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಬರಿಯ ಶೀರ್ಷಿಕೆಗಿಂತ ಚಿತ್ರವಿದ್ದ ಸಂದೇಶವು ಟ್ವಿಟರಿನಲ್ಲಿ (2023ರಿಂದ ಅದರ ಹೆಸರು ಎಕ್ಸ್) ಏಳು ಪಟ್ಟಿಗೂ ಹೆಚ್ಚು ಸಾರಿ ಕಣ್ಣಿಗೆ ಬಿದ್ದಿತ್ತು; ಲೇಖನದ ಪುಟವನ್ನು ತೆರೆದುದು ಮಾತ್ರ ಸುಮಾರು ಮೂರು ಪಟ್ಟು. ನೋಟ ಬೆಳೆದಷ್ಟು ಓದು ಬೆಳೆಯಲಿಲ್ಲ.

ರೋಗಿಯ ಮಾತನ್ನೂ ಮರೆಯತಕ್ಕದ್ದಲ್ಲ. ತೆರೆಯ ಮೇಲೆ ಕಾಣುವುದು ಒಬ್ಬರ ದೇಹ. ಹೆಸರು, ಮುಖ, ಆಸ್ಪತ್ರೆಯ ಕ್ರಮಾಂಕ ಇವುಗಳಲ್ಲಿ ಒಂದು ಉಳಿದರೂ ಗುಟ್ಟು ಬಯಲಾದಂತೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟಿನಲ್ಲಿ ಹೊರಡಿಸಿದ ನಡತೆಯ ನಿಯಮಗಳಲ್ಲಿ ಜಾಲತಾಣಗಳ ವಿಷಯವೂ ಸೇರಿತ್ತು. ಅದೇ ತಿಂಗಳು ಆ ನಿಯಮಗಳನ್ನು ತಡೆಹಿಡಿಯಲಾಯಿತು. ಆದರೆ ರೋಗಿಯ ಒಪ್ಪಿಗೆ ಪಡೆಯುವುದಕ್ಕೆ ಹೊಸ ನಿಯಮವನ್ನು ಕಾಯಬೇಕಾದುದಿಲ್ಲ.

ನಮ್ಮ ಸಲಹೆ ಸರಳವಾದುದು. ಸಮ್ಮೇಳನದಿಂದ ಹೊರಡುವ ಪ್ರತಿಯೊಂದು ಸಂದೇಶವೂ ನಾಲ್ಕು ಮಾತುಗಳನ್ನು ಹೊತ್ತಿರಲಿ: ರೋಗಿಗಳು ಎಷ್ಟು ಮಂದಿ, ಅವರನ್ನು ಎಷ್ಟು ಕಾಲ ಗಮನಿಸಲಾಯಿತು, ಕೆಟ್ಟುದು ಏನು, ಇತರ ತಜ್ಞರು ಪರಿಶೀಲಿಸಿ ಒಪ್ಪಿದ್ದಾರೆಯೆ. ಇವನ್ನು ಬರೆಯಲು ಎರಡು ಸಾಲು ಸಾಕು. ಹೀಗೆ ಬರೆಯುವ ಅಭ್ಯಾಸವನ್ನು ಬನ್ನಿಮಂಟಪದ ಕಾಲೇಜಿನಂಥ ವಿದ್ಯಾಸಂಸ್ಥೆಗಳು ಪಾಠದ ಒಂದು ಭಾಗವಾಗಿಯೇ ಕಲಿಸಬಹುದು. ಸೋಲನ್ನು ಹೇಳಿದವನನ್ನು ಹೀಯಾಳಿಸದಿರುವುದನ್ನೂ ಅದರೊಡನೆ ಕಲಿಸಬೇಕು. ಈ ಪುಟವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಚಾಕುವನ್ನು ಹಿಡಿಯುವರು; ಮಿಕ್ಕವರು ಎಂದಾದರೊಂದು ದಿನ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಬೇಕಾದೀತು. ‘ಇದು ಎಷ್ಟು ಮಂದಿಯಲ್ಲಿ? ಎಷ್ಟು ಮಂದಿಗೆ ಕೆಟ್ಟಿತು?’ ಎಂಬ ಪ್ರಶ್ನೆ ಇಬ್ಬರಿಗೂ ಬೇಕಾದುದೇ.