ದುಬಾರಿ ರೈಲಿನ ಕೊನೆಯ ತಪಾಸಕ ಯಾರು?

ಅರ್ಧ ಲಕ್ಷ ರೂಪಾಯಿ ತೆತ್ತು ಕೊಂಡ ವಸ್ತುವೊಂದು ಪೆಟ್ಟಿಗೆಯಿಂದ ಹೊರಬಂದ ಗಳಿಗೆಯಲ್ಲೇ ಕುಂಟತೊಡಗಿದರೆ ಅದರ ಹೊಣೆ ಯಾರದು? ವಿದೇಶದಲ್ಲಿರುವ ಮಗ ಕಳೆದ ವರ್ಷ ತಂದುಕೊಟ್ಟ ಉಗಿ ಎಂಜಿನ್ನಿನ ಮಾದರಿಯು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿದೆ. ಅಸಲಿ ಎಂಜಿನ್ನಿನ 87ನೇ ಒಂದು ಪಾಲಿನಷ್ಟು ಗಾತ್ರ; ಹಳಿಗಳ ನಡುವಿನ ಅಗಲ 16.5 ಮಿಲಿಮೀಟರ್. ನಿವೃತ್ತಿಯ ನಂತರ ದೊಡ್ಡಬೆಳವಂಗಲದ ಮನೆಯಲ್ಲಿ ನಾನು ಹಾಸಿಕೊಂಡಿರುವ ಪುಟ್ಟ ಮಾರ್ಗದಲ್ಲಿ ಅದು ಒಂದು ಸುತ್ತನ್ನೂ ನೆಟ್ಟಗೆ ಪೂರೈಸಲಿಲ್ಲ. ಈ ವಯಸ್ಸಿನಲ್ಲಿ ಆಟಿಕೆಯೇ ಎಂದು ನಗುವವರು ನಗಲಿ.

ದೋಷ ಹುಡುಕುವುದಕ್ಕೂ ಒಂದು ಕ್ರಮವಿದೆ. ಎಲ್ಲ ಎಂಜಿನ್‌ಗಳೂ ಒಂದೇ ಜಾಗದಲ್ಲಿ ತಪ್ಪಿದರೆ ಹಳಿಯ ದೋಷ. ಒಂದೇ ಎಂಜಿನ್ ಎಲ್ಲೆಡೆ ತಪ್ಪಿದರೆ ಅದರದೇ ದೋಷ. ನನ್ನ ಹಳೆಯ ಎಂಜಿನ್‌ಗಳು ದಾಟುವ ಕವಲುಗಳಲ್ಲೆಲ್ಲ ಇದು ಮಾತ್ರ ಹಳಿ ತಪ್ಪುತ್ತಿತ್ತು. ಅಳೆದು ನೋಡಿದೆ. ಜೋಡಿ ಗಾಲಿಗಳ ಒಳಮೈಗಳ ನಡುವೆ ಸುಮಾರು 14.4 ಮಿ.ಮೀ. ಇರಬೇಕು, ಒಂದು ಅಚ್ಚಿನಲ್ಲಿ 14 ಕೂಡ ಇರಲಿಲ್ಲ. ಹೀಗಾದರೆ ಕವಲಿನ ಒಳಹಳಿಗಳ ಮೇಲೆ ಗಾಲಿ ಹತ್ತಿಬಿಡುತ್ತದೆ. ಅದನ್ನು ನಾನೇ ಸರಿಪಡಿಸಿದೆ. ಆದರೂ ಗಾಲಿಯ ಪ್ರತಿ ಸುತ್ತಿಗೊಮ್ಮೆ ಒಂದು ಜಗ್ಗು ಉಳಿಯಿತು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳನ್ನು ದುರಸ್ತಿ ಮಾಡುವ ಪರಿಚಿತರೊಬ್ಬರು ಭೂತಗನ್ನಡಿಯಲ್ಲಿ ನೋಡಿ, ‘ಹಲ್ಲು ಚೆನ್ನಾಗಿದೆ ಸಾರ್, ಬುಡ ಸೀಳಿದೆ’ ಎಂದರು. ಲೋಹದ ಅಚ್ಚಿಗೆ ಅತಿಯಾಗಿ ಬಿಗಿದ ಪ್ಲಾಸ್ಟಿಕ್ ದಂತಚಕ್ರ ಬಿರುಕು ಬಿಟ್ಟಿತ್ತು. ಬಿರುಕಿನ ಬಳಿ ಎರಡು ಹಲ್ಲುಗಳ ಅಂತರ ಹಿಗ್ಗಿತ್ತು.

ಮೊದಲ ದೋಷಕ್ಕೆ ಒಂದು ಅಳತೆಪಟ್ಟಿ, ಎರಡನೆಯದಕ್ಕೆ ಐದು ನಿಮಿಷದ ಓಟ ಸಾಕಿತ್ತು. ನಮ್ಮ ಪಕ್ಕದ ಯಲಹಂಕದಲ್ಲಿ 1984ರಿಂದ ಇರುವ ರೈಲು ಗಾಲಿ ಕಾರ್ಖಾನೆಯಲ್ಲಿ ಗಾಲಿಗಳನ್ನು ಶ್ರವಣಾತೀತ ತರಂಗ, ಕಾಂತೀಯ ಪರೀಕ್ಷೆಗಳಿಗೆ ಒಡ್ಡಿ ಕಣ್ಣಿಗೆ ಕಾಣದ ಬಿರುಕನ್ನೂ ಹುಡುಕುತ್ತಾರೆ. ಅಲ್ಲಿ ಪ್ರಾಣದ ಪ್ರಶ್ನೆ, ನಿಜ. ಅಷ್ಟನ್ನು ಯಾರೂ ಕೇಳುತ್ತಿಲ್ಲ.

ಕೊಳ್ಳುವವನಿಗೆ ಸರಕಿನ ಒಳಗುಣ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಜಾರ್ಜ್ ಅಕೆರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು. ಹೊಸ ರೈಲುಗಳಲ್ಲಿ ಬೆಲೆಯೇ ಗುಣದ ಸಾಕ್ಷಿಯಂತೆ ನಟಿಸುತ್ತದೆ. ಮೇಲಾಗಿ ಮುಂಗಡ ಕಾಯ್ದಿರಿಸುವ ಪದ್ಧತಿ: ತಯಾರಾಗುವ ಮೊದಲೇ ಮಾರಾಟವಾದ ವಸ್ತುವನ್ನು ಪರೀಕ್ಷಿಸುವ ಆತುರ ತಯಾರಕನಿಗೇಕೆ? ತಪಾಸಣೆಯ ಖರ್ಚು ಸದ್ದಿಲ್ಲದೆ ಗ್ರಾಹಕನ ಮೇಜಿಗೆ ವರ್ಗವಾಗಿದೆ.

ಕಾನೂನಿನ ನೆರವೂ ಇಲ್ಲಿ ಅಷ್ಟಕ್ಕಷ್ಟೆ. 2021ರ ಜನವರಿಯಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಸಂಬಂಧಿಸಿದ್ದು. ಅದು ನೋಡುವುದು ಸುರಕ್ಷತೆಯನ್ನು, ಓಟವನ್ನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷಯುಕ್ತ ಸರಕಿನ ವಿರುದ್ಧ ದೂರುವ ಹಕ್ಕು ಕೊಟ್ಟಿದೆಯಾದರೂ, ಸಮುದ್ರದಾಚೆಯ ರಸೀತಿ ಹಿಡಿದು ಜಿಲ್ಲಾ ಆಯೋಗದ ಮೆಟ್ಟಿಲು ಹತ್ತುವವರೆಷ್ಟು ಮಂದಿ?

ಕೇಳಬೇಕಾದದ್ದು ದೊಡ್ಡದೇನಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಗಾಲಿಯ ಅಳತೆ, ಓಟದ ಅವಧಿ, ಪರೀಕ್ಷಿಸಿದವರ ಸಹಿ ಇರುವ ಚೀಟಿಯಿರಲಿ; ದಂತಚಕ್ರದಂಥ ಬಿಡಿಭಾಗಗಳು ಕನಿಷ್ಠ ಹತ್ತು ವರ್ಷ ಪ್ರತ್ಯೇಕವಾಗಿ ದೊರೆಯಲಿ. ನನ್ನ ಪತ್ರಕ್ಕೆ ಬಂದ ಉತ್ತರ ಇಷ್ಟೇ: ಬಿಡಿಭಾಗವಿಲ್ಲ, ಎಂಜಿನ್ ವಾಪಸು ಕಳುಹಿಸಿ, ಸಾಗಣೆ ವೆಚ್ಚ ನಿಮ್ಮದು. ಮಗ್ಗದ ಗೆಳೆಯರು ಹಿತ್ತಾಳೆಯಲ್ಲೊಂದು ಚಕ್ರ ಮಾಡಿಸಿ ಕೊಡುವುದಾಗಿ ಹೇಳಿ, ಹಲ್ಲುಗಳನ್ನು ಎಣಿಸಿ ಬರೆದುಕೊಂಡು ಹೋಗಿದ್ದಾರೆ.